ಸ್ತನ ಇಂಪ್ಲಾಂಟ್: ಮರುಶಸ್ತ್ರಕ್ರಿಯೆ ಯಾವಾಗ?

ಮನುಷ್ಯನ ದೇಹದೊಳಗೆ ಕೃತಕ ವಸ್ತುಗಳನ್ನು ಇರಿಸುವುದು ಇಂದಿನ ವೈದ್ಯಕೀಯದಲ್ಲಿ ಸಾಮಾನ್ಯ ಸಂಗತಿ. ಕಣ್ಣಿನ ಪೊರೆ ತೆಗೆದ ಮೇಲೆ ಕೂರಿಸುವ ಮಸೂರ ಬಹುಮಟ್ಟಿಗೆ ಜೀವನಪರ್ಯಂತ ಉಳಿಯುತ್ತದೆ. ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತದೆ. ಅದನ್ನು ಯಾವಾಗ ಬದಲಾಯಿಸಬೇಕೆಂಬುದು ತಪಾಸಣೆಯಲ್ಲಿ ಮೊದಲೇ ಗೊತ್ತಾಗುತ್ತದೆ. ಆದರೆ ಸ್ತನದಲ್ಲಿರಿಸುವ ಇಂಪ್ಲಾಂಟಿನ ಆಯುಷ್ಯ ಎಷ್ಟು? ಅದನ್ನು ತೆಗೆಯಲು, ಬದಲಾಯಿಸಲು ಅಥವಾ ಸರಿಪಡಿಸಲು ಮತ್ತೆ ಶಸ್ತ್ರಕ್ರಿಯೆ ಮಾಡಬೇಕಾದರೆ ತಕ್ಕ ಕಾಲ ಯಾವುದು?

ಈ ಪ್ರಶ್ನೆಗೆ ನೀವು ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೇಳಿರಬಹುದು. 'ಒಮ್ಮೆ ಇಟ್ಟರೆ ಮುಗಿಯಿತು, ಮತ್ತೆ ನೋಡಬೇಕಾಗಿಲ್ಲ' ಎಂಬುದು ಒಂದು. 'ಹತ್ತು ವರ್ಷ ತುಂಬಿದ ಕೂಡಲೇ ಬದಲಾಯಿಸಲೇಬೇಕು' ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಮೊದಲನೆಯದನ್ನು ನಂಬಿದವರು ಅಪಾಯದ ಸೂಚನೆಯನ್ನು ಕಡೆಗಣಿಸಬಹುದು. ಎರಡನೆಯದನ್ನು ನಂಬಿದವರು ಬೇಡದ ಶಸ್ತ್ರಕ್ರಿಯೆಗೆ ಮೈಯೊಡ್ಡಬಹುದು. ಮರುಶಸ್ತ್ರಕ್ರಿಯೆಯ ಕಾಲವನ್ನು ನಿರ್ಧರಿಸುವುದು ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲ; ಅಂಗಾಂಶ ಮಾಗುವ ವೇಗ, ಇಂಪ್ಲಾಂಟಿನ ಸ್ಥಿತಿ ಮತ್ತು ತೊಂದರೆಯ ಸ್ವರೂಪ. ಅದು ಹೇಗೆಂದು ನೋಡೋಣ.

ಚೀಲದೊಳಗೇನಿದೆ?

ಸ್ತನ ಇಂಪ್ಲಾಂಟ್ ಎಂಬುದು ಸಿಲಿಕೋನ್ ರಬ್ಬರಿನ ಒಂದು ಚೀಲ. ಅದರೊಳಗೆ ತುಂಬಿರುವುದು ಸಿಲಿಕೋನ್ ಜೆಲ್ ಅಥವಾ ಸೋಂಕುರಹಿತ ಉಪ್ಪುನೀರು. ಸಿಲಿಕಾನ್ ಬೇರೆ, ಸಿಲಿಕೋನ್ ಬೇರೆ ಎಂಬುದು ನೆನಪಿರಲಿ. ಸಿಲಿಕಾನ್ ಮರಳಿನಲ್ಲಿರುವ ಧಾತು. ಅದರ ಪರಮಾಣುಗಳೂ ಆಕ್ಸಿಜನ್ ಪರಮಾಣುಗಳೂ ಒಂದಾದ ಮೇಲೊಂದರಂತೆ ಸರಪಳಿಯಾಗಿ, ಪ್ರತಿ ಸಿಲಿಕಾನಿಗೂ ಮಿಥೈಲ್ ಗುಂಪುಗಳು ಅಂಟಿಕೊಂಡಾಗ ಸಿಲಿಕೋನ್ ಎಂಬ ಪಾಲಿಮರ್ ಉಂಟಾಗುತ್ತದೆ. ಸರಪಳಿ ಗಿಡ್ಡವಾಗಿದ್ದರೆ ಅದು ಎಣ್ಣೆ. ಉದ್ದದ ಸರಪಳಿಗಳು ಅಡ್ಡಕೊಂಡಿಗಳಿಂದ ಸ್ವಲ್ಪವೇ ಬೆಸೆದುಕೊಂಡರೆ ಜೆಲ್, ಬಲವಾಗಿ ಬೆಸೆದುಕೊಂಡರೆ ರಬ್ಬರ್. ಇಂಪ್ಲಾಂಟಿನ ಹೊರಗಿನ ಚೀಲ ಮತ್ತು ಒಳಗಿನ ಜೆಲ್ ಒಂದೇ ಕುಟುಂಬದ ವಸ್ತುಗಳು.

ಇಂಥ ಇಂಪ್ಲಾಂಟನ್ನು ಮೊದಲು ಬಳಸಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ; ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ಶಸ್ತ್ರವೈದ್ಯರು. ಆಕಾರ ಹೆಚ್ಚಿಸಿಕೊಳ್ಳಬಯಸುವವರು ಮಾತ್ರ ಇದನ್ನು ಬಳಸುತ್ತಾರೆಂದು ತಿಳಿಯಬೇಡಿ. ಕ್ಯಾನ್ಸರಿನಿಂದಾಗಿ ಸ್ತನವನ್ನು ಕಳೆದುಕೊಂಡವರಿಗೆ ಅದನ್ನು ಮರುರೂಪಿಸಲೂ ಇದು ಬಳಕೆಯಲ್ಲಿದೆ. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನದ್ದೇ. ಆದ್ದರಿಂದ ಇದು ಸಿನಿಮಾ ತಾರೆಯರ ವಿಷಯವೆಂದು ಪಕ್ಕಕ್ಕಿಡುವಂತಿಲ್ಲ.

ದೇಹ ಕಟ್ಟುವ ಕವಚ

ಕಾಲಿಗೆ ಚುಚ್ಚಿದ ಮುಳ್ಳು ಒಳಗೇ ಮುರಿದು ಉಳಿದರೆ ಏನಾಗುತ್ತದೆ? ಸ್ವಲ್ಪ ದಿನದಲ್ಲಿ ಅದರ ಸುತ್ತ ಗಟ್ಟಿಯಾದ ಗಂಟು ಏರ್ಪಡುತ್ತದೆ. ಕರಗಿಸಲಾಗದ, ಹೊರದೂಡಲಾಗದ ಪರವಸ್ತುವನ್ನು ಗೋಡೆ ಕಟ್ಟಿ ಪ್ರತ್ಯೇಕಿಸುವುದು ದೇಹದ ಸ್ವಭಾವ. ಇಂಪ್ಲಾಂಟಿನ ಸುತ್ತಲೂ ಇದೇ ನಡೆಯುತ್ತದೆ. ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳಿಂದಾದ ತೆಳುವಾದ ನಾರಿನ ಕವಚ ಅದನ್ನು ಸುತ್ತುವರಿಯುತ್ತದೆ. ಇದು ರೋಗವಲ್ಲ, ಇಂಪ್ಲಾಂಟ್ ಇರುವ ಎಲ್ಲರಲ್ಲೂ ಇರುತ್ತದೆ.

ತೊಂದರೆ ಬರುವುದು ಈ ಕವಚ ದಪ್ಪಗಾಗಿ ಕುಗ್ಗತೊಡಗಿದಾಗ. ಆಗ ಒಳಗಿನ ಮೆತ್ತನೆಯ ಚೀಲ ಹಿಂಡಿದಂತಾಗಿ ಸ್ತನ ಬಿಗಿಯುತ್ತದೆ. ಇದಕ್ಕೆ ಕವಚದ ಸಂಕೋಚ ಎನ್ನಬಹುದು. ಇದನ್ನು ಅಳೆಯಲು ವೈದ್ಯರು 'ಬೇಕರ್ ಶ್ರೇಣಿ' ಬಳಸುತ್ತಾರೆ. ಮೊದಲ ಶ್ರೇಣಿಯಲ್ಲಿ ಸ್ತನ ಸಹಜವಾಗಿ ಮೆತ್ತಗಿರುತ್ತದೆ. ಎರಡನೆಯದರಲ್ಲಿ ಮುಟ್ಟಿದಾಗ ಸ್ವಲ್ಪ ಗಟ್ಟಿ. ಮೂರನೆಯದರಲ್ಲಿ ಆಕಾರ ಕೆಟ್ಟಿರುವುದು ಕಣ್ಣಿಗೂ ಕಾಣುತ್ತದೆ. ನಾಲ್ಕನೆಯದರಲ್ಲಿ ನೋವೂ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಮೂರು ಮತ್ತು ನಾಲ್ಕನೆಯ ಶ್ರೇಣಿಗಳಲ್ಲಿ ಮಾತ್ರ ಶಸ್ತ್ರಕ್ರಿಯೆಯ ಮಾತು ಬರುತ್ತದೆ.

ಕಾಯಬೇಕಾದದ್ದು ಏಕೆ?

ಶಸ್ತ್ರಕ್ರಿಯೆಯಾಗಿ ಆರು ವಾರ ಕಳೆದಿದೆ ಎಂದುಕೊಳ್ಳಿ. ಒಂದು ಕಡೆ ಸ್ವಲ್ಪ ಮೇಲಿದೆ, ಇನ್ನೊಂದು ಕಡೆ ಊದಿದಂತಿದೆ. 'ಈಗಲೇ ಸರಿಮಾಡಿಬಿಡಿ' ಎಂದು ಕೇಳಬೇಕೆನಿಸುವುದು ಸಹಜ. ಆದರೆ ಅನುಭವಿ ಶಸ್ತ್ರವೈದ್ಯರು 'ಕಾಯೋಣ' ಎನ್ನುತ್ತಾರೆ. ಇದು ಉದಾಸೀನವಲ್ಲ.

ಗಾಯ ಮಾಯುವುದು ಮೂರು ಹಂತಗಳಲ್ಲಿ. ಮೊದಲ ಕೆಲವು ದಿನ ಉರಿಯೂತದ ಹಂತ: ರಕ್ತನಾಳಗಳು ಹಿಗ್ಗಿ, ಬಿಳಿಯ ರಕ್ತಕಣಗಳು ಧಾವಿಸಿ ಕಸ ತೆಗೆಯುತ್ತವೆ. ಮುಂದಿನ ಕೆಲವು ವಾರ ಕಟ್ಟುವ ಹಂತ: ಹೊಸ ರಕ್ತನಾಳಗಳು ಮೂಡಿ, ಕೊಲಾಜನ್ ಎಳೆಗಳು ಅವಸರದಲ್ಲಿ ಅಡ್ಡಾದಿಡ್ಡಿಯಾಗಿ ಬೀಳುತ್ತವೆ. ಕೊನೆಯದು ಮಾಗುವ ಹಂತ: ಹೆಚ್ಚಾದ ಎಳೆಗಳು ಕರಗಿ, ಉಳಿದವು ಎಳೆತದ ದಿಕ್ಕಿಗೆ ಸಾಲುಗೂಡುತ್ತವೆ. ಈ ಹಂತ ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಮೂರು ತಿಂಗಳ ಹೊತ್ತಿಗೆ ಹೊಲಿದ ಜಾಗ ಮೂಲ ಚರ್ಮದ ಶೇಕಡಾ 80ರಷ್ಟು ಬಲ ಪಡೆದಿರುತ್ತದೆ. ಪೂರ್ತಿ ಬಲ ಎಂದೂ ಮರಳುವುದಿಲ್ಲ.

ಮನೆ ಕಟ್ಟಿದವರಿಗೆ ಗೊತ್ತು: ತಾರಸಿ ಹಾಕಿದ ಮರುದಿನವೇ ಅದರ ಮೇಲೆ ಗೋಡೆ ಎಬ್ಬಿಸುವುದಿಲ್ಲ. ನೀರುಣಿಸಿ, ದಿನ ಎಣಿಸಿ ಕಾಯುತ್ತಾರೆ. ಅಂಗಾಂಶಕ್ಕೂ ಹೀಗೆಯೇ. ಉರಿಯೂತವಿರುವ ಜಾಗವನ್ನು ಕೊಯ್ದರೆ ರಕ್ತಸ್ರಾವ ಹೆಚ್ಚು, ಹೊಲಿಗೆ ಹಿಡಿಯುವುದು ಕಡಿಮೆ, ಹೊಸ ಕಲೆಯೂ ಒರಟು. ಮೇಲಾಗಿ ಊತ ಇಳಿದು ಸ್ನಾಯು ಸಡಿಲಗೊಂಡಂತೆ ಇಂಪ್ಲಾಂಟ್ ತಾನಾಗಿ ಕೆಳಗಿಳಿದು ಕೂರುತ್ತದೆ. ಆರನೆಯ ವಾರದಲ್ಲಿ ಕಂಡ ಅಸಮತೆ ಆರನೆಯ ತಿಂಗಳಲ್ಲಿ ಮಾಯವಾಗಿರುವುದೂ ಉಂಟು. ಆದ್ದರಿಂದಲೇ ಗಾತ್ರ, ಆಕಾರ, ಸ್ಥಾನ ಇವುಗಳ ತಿದ್ದುಪಡಿಗೆ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಕಾಯುವುದು ರೂಢಿ.

ಕಾಯಬಾರದ್ದು ಯಾವುದು?

ಮೇಲಿನ ಮಾತು ಎಲ್ಲ ಸಂದರ್ಭಕ್ಕೂ ಅನ್ವಯಿಸುವುದಿಲ್ಲ. ಶಸ್ತ್ರಕ್ರಿಯೆಯಾದ ಮೊದಲ ಎರಡು ಮೂರು ದಿನಗಳಲ್ಲಿ ಒಂದು ಸ್ತನ ಮಾತ್ರ ಥಟ್ಟನೆ ಊದಿ, ಬಿಗಿದು, ನೀಲಿಗಟ್ಟಿ ನೋಯತೊಡಗಿದರೆ ಒಳಗೆ ರಕ್ತ ಸೇರುತ್ತಿರಬಹುದು. ದೊಡ್ಡ ರಕ್ತಗಡ್ಡೆಯಾದರೆ ಅದೇ ದಿನ ಶಸ್ತ್ರಕ್ರಿಯೆಯ ಕೋಣೆಗೆ ಮರಳಬೇಕು. ಬಿಟ್ಟರೆ ಚರ್ಮಕ್ಕೆ ರಕ್ತಪೂರೈಕೆ ಕುಂದುತ್ತದೆ. ಮುಂದೆ ಕವಚದ ಸಂಕೋಚಕ್ಕೂ ಅದೇ ಕಾರಣವಾಗಬಹುದು.

ಎರಡನೆಯದು ಸೋಂಕು. ಜ್ವರ, ಹರಡುವ ಕೆಂಪು, ಬಿಸಿ, ಕೀವು ಇದರ ಲಕ್ಷಣಗಳು. ಸೌಮ್ಯ ಸೋಂಕು ಪ್ರತಿಜೈವಿಕ ಔಷಧಿಗಳಿಗೆ ಬಗ್ಗಬಹುದು. ಆದರೆ ಇಂಪ್ಲಾಂಟಿನ ನುಣುಪು ಮೈಮೇಲೆ ರಕ್ತನಾಳಗಳಿಲ್ಲ. ಅಲ್ಲಿ ಅಂಟುಪೊರೆ ಕಟ್ಟಿಕೊಂಡು ಅಡಗುವ ಬ್ಯಾಕ್ಟೀರಿಯಗಳನ್ನು ಔಷಧಿಯಾಗಲಿ ಬಿಳಿಯ ರಕ್ತಕಣವಾಗಲಿ ಸುಲಭವಾಗಿ ತಲುಪಲಾರವು. ಔಷಧಿಗೆ ಬಗ್ಗದಿದ್ದರೆ ಇಂಪ್ಲಾಂಟನ್ನು ತೆಗೆಯಲೇಬೇಕಾಗುತ್ತದೆ. ಹೊಲಿಗೆ ಬಿಚ್ಚಿ ಇಂಪ್ಲಾಂಟ್ ಹೊರಗೆ ಕಾಣುವಂತಾದರೂ ತಡಮಾಡುವಂತಿಲ್ಲ. ತೆಗೆಯುವ ಕೆಲಸ ತುರ್ತು. ಹೊಸದನ್ನು ಇಡುವ ಕೆಲಸ ತುರ್ತಲ್ಲ. ಸೋಂಕು ಪೂರ್ತಿ ಹೋಗಿ ಅಂಗಾಂಶ ಮೆತ್ತಗಾಗಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಿಡುತ್ತಾರೆ.

ಮೂರನೆಯದು ಬಹಳ ಜನಕ್ಕೆ ಗೊತ್ತಿಲ್ಲದ್ದು. ಶಸ್ತ್ರಕ್ರಿಯೆಯಾಗಿ ವರ್ಷಗಳೇ ಕಳೆದ ಮೇಲೆ, ಪೆಟ್ಟೂ ಇಲ್ಲದೆ ಜ್ವರವೂ ಇಲ್ಲದೆ, ಒಂದು ಸ್ತನ ಊದಿಕೊಂಡರೆ ಅದನ್ನು 'ವಯಸ್ಸಿನ ವ್ಯತ್ಯಾಸ' ಎಂದು ಬಿಡಬೇಡಿ. ಇಂಪ್ಲಾಂಟಿನ ಸುತ್ತ ದ್ರವ ಸೇರಿದ್ದರೆ ಅದನ್ನು ಸೂಜಿಯಿಂದ ಹೀರಿ ಪರೀಕ್ಷಿಸಬೇಕು. ಅಪರೂಪಕ್ಕೆ ಇದು ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಲಿಂಫೋಮ ಎಂಬ ಕ್ಯಾನ್ಸರಿನ ಲಕ್ಷಣ. ಇದು ಸ್ತನದ ಕ್ಯಾನ್ಸರ್ ಅಲ್ಲ. ಕವಚದಲ್ಲಿ ನೆಲೆಸಿರುವ ಟಿ-ಕೋಶಗಳೆಂಬ ರಕ್ಷಣಾಕೋಶಗಳದ್ದು. ದ್ರವದ ಕೋಶಗಳಲ್ಲಿ ಸಿಡಿ30 ಎಂಬ ಗುರುತುಪ್ರೋಟೀನನ್ನು ಹುಡುಕಿ ಪತ್ತೆಮಾಡುತ್ತಾರೆ. ಬೇಗ ಗುರುತಿಸಿದರೆ ಇಂಪ್ಲಾಂಟನ್ನೂ ಕವಚವನ್ನೂ ಪೂರ್ತಿಯಾಗಿ ತೆಗೆಯುವುದರಿಂದಲೇ ಹೆಚ್ಚಿನವರು ಗುಣಹೊಂದುತ್ತಾರೆ. ತಡವಾದರೆ ಜೀವಕ್ಕೇ ಅಪಾಯ.

ಚೀಲ ಒಡೆದರೆ?

ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುತ್ತದೆ. ಇಂಪ್ಲಾಂಟಿನ ಮಡಿಕೆ ಬಿದ್ದ ಜಾಗದಲ್ಲೂ ಚೀಲ ಹೀಗೆ ದಣಿದು ಸೀಳಬಹುದು. ಉಪ್ಪುನೀರಿನ ಚೀಲ ಒಡೆದರೆ ತಿಳಿಯುವುದು ಸುಲಭ: ಕೆಲವೇ ದಿನಗಳಲ್ಲಿ ಸ್ತನ ಕುಗ್ಗುತ್ತದೆ. ನೀರನ್ನು ದೇಹ ಹೀರಿಕೊಳ್ಳುವುದರಿಂದ ಅಪಾಯವಿಲ್ಲ. ಆದರೆ ಖಾಲಿಯಾದ ಕುಳಿ ಕುಗ್ಗುತ್ತಾ ಹೋಗುವುದರಿಂದ, ಹೊಸದನ್ನು ಇಡುವ ಇಚ್ಛೆಯಿದ್ದರೆ ಕೆಲವು ವಾರಗಳೊಳಗೆ ಬದಲಾಯಿಸುವುದು ಒಳ್ಳೆಯದು.

ಜೆಲ್ ಚೀಲದ ಕಥೆ ಬೇರೆ. ಅದು ಒಡೆದರೂ ಜೆಲ್ ಬಹುಪಾಲು ಕವಚದೊಳಗೇ ನಿಲ್ಲುತ್ತದೆ. ಆಕಾರ ಬದಲಾಗದೆ, ನೋವಿಲ್ಲದೆ ವರ್ಷಗಟ್ಟಲೆ ಗೊತ್ತಾಗದೆ ಇರಬಹುದು. ಇದನ್ನು 'ಮೌನ ಬಿರುಕು' ಎನ್ನಬಹುದು. ಕೈಯಿಂದ ಮುಟ್ಟಿ ಪತ್ತೆಮಾಡಲಾಗದ ಇದನ್ನು ಎಂಆರ್‌ಐ ಚಿತ್ರಣ ತೋರಿಸುತ್ತದೆ. ಕುಸಿದ ಚೀಲ ಜೆಲ್ಲಿನೊಳಗೆ ಶ್ಯಾವಿಗೆ ಎಳೆಗಳಂತೆ ತೇಲುವುದು ಅಲ್ಲಿ ಕಾಣುತ್ತದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, ಜೆಲ್ ಇಂಪ್ಲಾಂಟ್ ಇರುವವರಿಗೆ 2020ರಲ್ಲಿ ಹೊಸ ಸಲಹೆ ನೀಡಿತು. ಯಾವ ತೊಂದರೆ ಇಲ್ಲದಿದ್ದರೂ ಐದರಿಂದ ಆರು ವರ್ಷಕ್ಕೆ ಮೊದಲ ಬಾರಿ, ಆಮೇಲೆ ಎರಡು ಮೂರು ವರ್ಷಗಳಿಗೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು ಎಂಬುದೇ ಆ ಸಲಹೆ. ಇಲ್ಲಿ ಕ್ಯಾಲೆಂಡರಿಗೆ ಕೆಲಸವಿದೆ. ಆದರೆ ಅದು ನೋಡುವ ಕಾಲವನ್ನು ಹೇಳುತ್ತದೆಯೇ ಹೊರತು ಕೊಯ್ಯುವ ಕಾಲವನ್ನಲ್ಲ. ಬಿರುಕು ಖಚಿತವಾದರೆ ತೆಗೆಯುವುದು ಸಾಮಾನ್ಯ ಸಲಹೆ. ಅದಕ್ಕಾಗಿ ರಾತ್ರೋರಾತ್ರಿ ಓಡಬೇಕಿಲ್ಲ, ಯೋಜಿಸಿ ಮಾಡಿಸಬಹುದು. ಹಾಗೆಂದು ವರ್ಷಗಟ್ಟಲೆ ಮುಂದೂಡಿದರೆ ಜೆಲ್ ಕವಚ ದಾಟಿ ಕಂಕುಳಿನ ದುಗ್ಧಗ್ರಂಥಿಗಳಿಗೆ ಸೇರಬಹುದು. ಆಗ ತೆಗೆಯುವುದು ಕಷ್ಟ.

ಹತ್ತು ವರ್ಷದ ಮಾತು ಎಲ್ಲಿಂದ ಬಂತು?

ಎಫ್‌ಡಿಎ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಕಾರ ಹೆಚ್ಚಿಸಲು ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಶೇಕಡಾ 20ರಿಂದ 40 ಮಂದಿಗೆ, ಕ್ಯಾನ್ಸರಿನ ನಂತರ ಮರುರೂಪಿಸಿಕೊಂಡವರಲ್ಲಿ ಶೇಕಡಾ 40ರಿಂದ 70 ಮಂದಿಗೆ, ಎಂಟು ಹತ್ತು ವರ್ಷಗಳೊಳಗೆ ಮತ್ತೊಂದು ಶಸ್ತ್ರಕ್ರಿಯೆ ಬೇಕಾಗಿತ್ತು. ಸಂಖ್ಯೆ ದೊಡ್ಡದೇ. 'ಇದು ಜೀವನಪರ್ಯಂತದ ಸಾಧನವಲ್ಲ' ಎಂದು ಆ ಸಂಸ್ಥೆ ಎಚ್ಚರಿಸುವುದೂ ಇದಕ್ಕಾಗಿಯೇ. ಆದರೆ ಇದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ಓದಿ: ಮೊದಲ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಷ್ಟು ಕಾಲ ಏನೂ ಬೇಕಾಗಿರಲಿಲ್ಲ. ತಯಾರಕರು ಕೊಡುವ ವಾರಂಟಿ ಅವಧಿಯೂ ಈ ತಪ್ಪು ತಿಳಿವಳಿಕೆಗೆ ಇಂಬುಕೊಟ್ಟಿರಬಹುದು. ಮಿಕ್ಸಿಯ ವಾರಂಟಿ ಎರಡು ವರ್ಷಕ್ಕೆ ಮುಗಿಯಿತೆಂದು ಮೂರನೆಯ ವರ್ಷ ಅದನ್ನು ಯಾರೂ ಎಸೆಯುವುದಿಲ್ಲವಷ್ಟೆ!

ತೊಂದರೆಯಿಲ್ಲದ ಇಂಪ್ಲಾಂಟನ್ನು ಬದಲಾಯಿಸುವುದಕ್ಕೂ ಬೆಲೆಯಿದೆ. ಪ್ರತಿ ಬಾರಿಯೂ ಅರಿವಳಿಕೆ, ರಕ್ತಸ್ರಾವ, ಸೋಂಕು ಇವುಗಳ ಅಪಾಯ ಹೊಸದಾಗಿ ಶುರು. ಪ್ರತಿ ಬಾರಿಯೂ ಅಂಗಾಂಶ ಸ್ವಲ್ಪ ತೆಳುವಾಗುತ್ತದೆ, ರಕ್ತಪೂರೈಕೆ ಕುಂದುತ್ತದೆ. ಖರ್ಚಿನ ಮಾತು ಬೇರೆ.

ಎರಡು ಪ್ರಕರಣಗಳು

ಈ ತೂಗಿನೋಡುವಿಕೆ ಎಷ್ಟು ಕಷ್ಟವೆಂಬುದನ್ನು ಎರಡು ಪ್ರಕರಣಗಳು ತೋರಿಸುತ್ತವೆ. ಫ್ರಾನ್ಸಿನ ಪಾಲಿ ಇಂಪ್ಲಾಂಟ್ ಪ್ರೋಥೀಸ್ ಎಂಬ ಕಂಪನಿ ವೈದ್ಯಕೀಯ ದರ್ಜೆಯ ಬದಲು ಅಗ್ಗದ ಕೈಗಾರಿಕಾ ದರ್ಜೆಯ ಸಿಲಿಕೋನ್ ತುಂಬಿ ಇಂಪ್ಲಾಂಟ್ ಮಾರುತ್ತಿತ್ತು. 2010ರಲ್ಲಿ ಅದು ಬಯಲಾಯಿತು. ಕಂಪನಿಯ ಸ್ಥಾಪಕನಿಗೆ 2013ರಲ್ಲಿ ಜೈಲುಶಿಕ್ಷೆಯಾಯಿತು. ಆದರೆ ಆಗಲೇ ಆ ಇಂಪ್ಲಾಂಟ್ ಹಾಕಿಸಿಕೊಂಡವರು ಏನು ಮಾಡಬೇಕು? 2011ರ ಡಿಸೆಂಬರಿನಲ್ಲಿ ಫ್ರಾನ್ಸ್ ಸರ್ಕಾರ ತನ್ನ ಸುಮಾರು 30,000 ಮಹಿಳೆಯರಿಗೆ, ತುರ್ತಲ್ಲದಿದ್ದರೂ ಮುನ್ನೆಚ್ಚರಿಕೆಯಾಗಿ, ತೆಗೆಸಿಕೊಳ್ಳಲು ಸಲಹೆ ಮಾಡಿತು. ಬ್ರಿಟನ್ನಿನಲ್ಲಿ ಬ್ರೂಸ್ ಕಿಯೋ ನೇತೃತ್ವದ ತಂಡ 2012ರಲ್ಲಿ ವರದಿ ನೀಡಿತು: ಇವು ಇತರ ಇಂಪ್ಲಾಂಟುಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಒಡೆಯುತ್ತವೆ, ಆದರೆ ಒಳಗಿನ ಜೆಲ್ಲಿನಿಂದ ದೀರ್ಘಕಾಲದ ಆರೋಗ್ಯಕ್ಕೆ ಅಪಾಯವಿರುವ ಪುರಾವೆಯಿಲ್ಲ. 2014ರಲ್ಲಿ ಐರೋಪ್ಯ ಒಕ್ಕೂಟದ ವಿಜ್ಞಾನ ಸಮಿತಿ, ಒಡೆಯದ ಇಂಪ್ಲಾಂಟುಗಳನ್ನು ಎಲ್ಲರಲ್ಲೂ ತೆಗೆಯಬೇಕೆನ್ನಲು ಬಲವಾದ ಆಧಾರವಿಲ್ಲವೆಂದಿತು. ಒಂದೇ ವಸ್ತು, ಬೇರೆಬೇರೆ ಸಲಹೆ! ವಿಜ್ಞಾನ ಅಪಾಯದ ಪ್ರಮಾಣವನ್ನು ಅಳೆದುಕೊಡುತ್ತದೆ. ಎಷ್ಟು ಅಪಾಯವನ್ನು ಸಹಿಸಬಹುದೆಂಬ ತೀರ್ಮಾನ ಮನುಷ್ಯರದ್ದು.

ಎರಡನೆಯದು 2019ರದ್ದು. ಮೇಲೆ ಹೇಳಿದ ಲಿಂಫೋಮ ಒರಟು ಮೈಯ ಇಂಪ್ಲಾಂಟುಗಳಿಗೆ ಸಂಬಂಧಿಸಿದ್ದೆಂದು ಕಂಡುಬಂದಿತ್ತು. ಆ ಹೊತ್ತಿಗೆ ಜಗತ್ತಿನಾದ್ಯಂತ ಎಫ್‌ಡಿಎಗೆ ವರದಿಯಾಗಿದ್ದ 573 ಪ್ರಕರಣಗಳಲ್ಲಿ 33 ಮಂದಿ ಸತ್ತಿದ್ದರು. 481 ಪ್ರಕರಣಗಳಲ್ಲಿ ಇದ್ದದ್ದು ಅಲರ್ಗನ್ ಕಂಪನಿಯ ಇಂಪ್ಲಾಂಟ್. ಎಫ್‌ಡಿಎ ಕೋರಿಕೆಯಂತೆ ಕಂಪನಿ ತನ್ನ 'ಬಯೋಸೆಲ್' ಮಾದರಿಯನ್ನು ಎಲ್ಲ ದೇಶಗಳಿಂದ ಹಿಂತೆಗೆದುಕೊಂಡಿತು. ಆದರೆ ಗಮನಿಸಿ: ಲಕ್ಷಣಗಳಿಲ್ಲದವರು ಅದನ್ನು ತೆಗೆಸಿಕೊಳ್ಳಬೇಕೆಂದು ಎಫ್‌ಡಿಎ ಹೇಳಲಿಲ್ಲ. ಅಂಗಡಿಯಿಂದ ಹಿಂತೆಗೆಯುವುದು ಬೇರೆ, ಮೈಯಿಂದ ತೆಗೆಯುವುದು ಬೇರೆ. ಇನ್ನೂ ಬರದ, ಬಹಳ ಅಪರೂಪದ ರೋಗಕ್ಕಾಗಿ ಎಲ್ಲರನ್ನೂ ಶಸ್ತ್ರಕ್ರಿಯೆಗೆ ಒಡ್ಡುವುದರಿಂದ ಆಗುವ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಜೀವನದ ಇತರ ಗಣನೆಗಳು

ಕ್ಯಾನ್ಸರ್ ಚಿಕಿತ್ಸೆ ಪಡೆದವರಲ್ಲಿ ಇನ್ನೊಂದು ಲೆಕ್ಕವಿದೆ. ವಿಕಿರಣ ಚಿಕಿತ್ಸೆ ಸಣ್ಣ ರಕ್ತನಾಳಗಳನ್ನು ಘಾಸಿಗೊಳಿಸಿ ಚರ್ಮವನ್ನು ಬಿರುಸಾಗಿಸುತ್ತದೆ. ಕವಚದ ಸಂಕೋಚವೂ ಹೆಚ್ಚು. ಆದ್ದರಿಂದ ವಿಕಿರಣ ಮುಗಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳಾದರೂ ಬಿಟ್ಟು ಶಸ್ತ್ರಕ್ರಿಯೆ ಮಾಡುತ್ತಾರೆ. ಕಿಮೋಥೆರಪಿಯ ನಂತರ ಬಿಳಿಯ ರಕ್ತಕಣಗಳ ಸಂಖ್ಯೆ ಚೇತರಿಸಿಕೊಳ್ಳುವವರೆಗೆ ಕೆಲವು ವಾರ ಕಾಯಬೇಕು.

ಬಸಿರು, ಬಾಣಂತನಗಳಲ್ಲಿ ಸ್ತನದ ಗಾತ್ರ ಬದಲಾಗುತ್ತದೆ. ಮಗುವಿಗೆ ಹಾಲು ಬಿಡಿಸಿ ಮೂರರಿಂದ ಆರು ತಿಂಗಳಾದ ಮೇಲೆ ಅಳತೆ ಸ್ಥಿರವಾಗುತ್ತದೆ. ಆಕಾರದ ತಿದ್ದುಪಡಿ ಅಲ್ಲಿಯವರೆಗೆ ಬೇಡ. ತೂಕ ಇಳಿಸುತ್ತಿರುವವರಿಗೂ ಇದೇ ಮಾತು. ತಂಬಾಕಿನ ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಶಸ್ತ್ರಕ್ರಿಯೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಅದನ್ನು ಬಿಡಬೇಕು. ಬೀಡಿ ಸಿಗರೇಟು ಮಾತ್ರವಲ್ಲ, ಎಲೆ ಅಡಿಕೆಯೊಡನೆ ಜಗಿಯುವ ಹೊಗೆಸೊಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಇದನ್ನು ವೈದ್ಯರ ಮುಂದೆ ಮುಚ್ಚಿಡಬೇಡಿ.

ಕೆಲವರಲ್ಲಿ ದಣಿವು, ಕೀಲುನೋವು, ಮರೆವು ಮೊದಲಾದ ದೂರುಗಳಿರುತ್ತವೆ. ಇಂಪ್ಲಾಂಟ್ ತೆಗೆದ ಮೇಲೆ ಕೆಲವರು ಸುಧಾರಿಸಿಕೊಂಡಿದ್ದಾರೆ. 2021ರಲ್ಲಿ ಎಫ್‌ಡಿಎ ಕಡ್ಡಾಯಗೊಳಿಸಿದ ಎಚ್ಚರಿಕೆಯಲ್ಲಿ ಈ ಅಂಶವೂ ಇದೆ. ಇಂಥವರು ಶಸ್ತ್ರಕ್ರಿಯೆಗೆ ಮೊದಲು ಥೈರಾಯ್ಡ್, ರಕ್ತಹೀನತೆ ಮುಂತಾದ ಇತರ ಕಾರಣಗಳನ್ನು ಪರೀಕ್ಷಿಸಿಕೊಳ್ಳುವುದು ವಿವೇಕ.

ಒಂದೇ ನೋಟದಲ್ಲಿ

ಅದೇ ದಿನ ಆಸ್ಪತ್ರೆಗೆ: ಥಟ್ಟನೆ ಬಿಗಿವ ಊತ, ಜ್ವರದೊಡನೆ ಕೆಂಪು ಅಥವಾ ಕೀವು, ಹೊಲಿಗೆ ಬಿಚ್ಚಿಕೊಳ್ಳುವುದು.

ಕೆಲವೇ ದಿನಗಳಲ್ಲಿ ತಪಾಸಣೆ: ವರ್ಷಗಳ ನಂತರ ಕಾಣಿಸಿಕೊಂಡ ಊತ, ಹೊಸ ಗಂಟು, ಕಂಕುಳಿನ ಗಡ್ಡೆ.

ವಾರಗಳಲ್ಲಿ ಯೋಜಿಸಿ: ಒಡೆದ ಚೀಲ.

ತಿಂಗಳುಗಳ ನಂತರ: ಗಾತ್ರ, ಆಕಾರ, ಸ್ಥಾನದ ತಿದ್ದುಪಡಿ; ಸೋಂಕು ಅಥವಾ ವಿಕಿರಣದ ನಂತರದ ಮರುರೂಪಣೆ.

ಶಸ್ತ್ರಕ್ರಿಯೆ ಬೇಡ, ತಪಾಸಣೆ ಸಾಕು: ತೊಂದರೆಯಿಲ್ಲದ, ಒಡೆಯದ ಇಂಪ್ಲಾಂಟ್, ಅದು ಎಷ್ಟೇ ವರ್ಷದ್ದಾಗಿರಲಿ.

ಮೊದಲ ಶಸ್ತ್ರಕ್ರಿಯೆಯ ದಿನ ಕೊಟ್ಟ ಚೀಟಿಯಲ್ಲಿ ಇಂಪ್ಲಾಂಟಿನ ತಯಾರಕರು, ಮಾದರಿ, ಕ್ರಮಸಂಖ್ಯೆ ಇರುತ್ತವೆ. ಅದನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ. ಮಾರುಕಟ್ಟೆಯಿಂದ ಹಿಂತೆಗೆದ ಮಾದರಿ ನಿಮ್ಮದೋ ಅಲ್ಲವೋ ಎಂಬುದು ಅದರಿಂದ ಸುಲಭವಾಗಿ ತಿಳಿಯುತ್ತದೆ. ಸ್ತನದ ಎಕ್ಸ್-ರೇಗೆ, ಅಂದರೆ ಮ್ಯಾಮೊಗ್ರಾಮಿಗೆ ಹೋದಾಗ ಇಂಪ್ಲಾಂಟ್ ಇದೆಯೆಂದು ತಂತ್ರಜ್ಞರಿಗೆ ಮೊದಲೇ ತಿಳಿಸಿ. ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸಲು ಭಾರತದಲ್ಲಿ 2015ರಿಂದ ಮೆಟೀರಿಯೊವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವಿದೆ. ನಿಮಗಾದ ತೊಂದರೆಯನ್ನು ಅಲ್ಲಿ ವರದಿಮಾಡುವಂತೆ ವೈದ್ಯರನ್ನು ಕೇಳಬಹುದು.

ಯಾರಾದರೂ ಮರುಶಸ್ತ್ರಕ್ರಿಯೆಗೆ ದಿನ ಗೊತ್ತುಮಾಡಿದರೆ ಮೂರು ಪ್ರಶ್ನೆ ಕೇಳಿ. ಈಗಲೇ ಮಾಡದಿದ್ದರೆ ಏನಾಗುತ್ತದೆ? ಇನ್ನೂ ಆರು ತಿಂಗಳು ಕಾದರೆ ಏನು ಲಾಭ, ಏನು ನಷ್ಟ? ತೆಗೆದ ಮೇಲೆ ಹೊಸದನ್ನು ಇಡಲೇಬೇಕೆ? ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಸ್ತನದ ಮಾತನ್ನು ಮನೆಯಲ್ಲೂ ಆಡಲು ನಾಚುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಆ ನಾಚಿಕೆಯಿಂದ ಒಂದು ಊತ ಆರು ತಿಂಗಳು ಸೀರೆಯ ಸೆರಗಿನ ಮರೆಯಲ್ಲೇ ಉಳಿಯದಿರಲಿ.